ಸರಾಸರಿಯೆಲ್ಲ ಸರಿಯಲ್ಲ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರು ಕಡೆ ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಒಂದು ವಿಶೇಷಣವಿದೆ: ನಾರ್ಮಲ್. ರಕ್ತಪರೀಕ್ಷೆಯ ಚೀಟಿ ಕೈಗೆ ಬಂದೊಡನೆ "ಎಲ್ಲಾ ನಾರ್ಮಲ್ ಐತಂತೆ" ಎಂದು ಮನೆಗೆ ಫೋನು ಹೋಗುತ್ತದೆ. ಮಗಳಿಗೆ ಹೆರಿಗೆಯಾದ ಸುದ್ದಿ ಬಂದರೆ ಮಗು ಗಂಡೋ ಹೆಣ್ಣೋ ಎಂದು ಕೇಳಿದ ಬಾಯಿ ಕೂಡಲೇ "ನಾರ್ಮಲ್ಲೋ, ಸಿಸೇರಿಯನ್ನೋ?" ಎಂದೂ ಕೇಳುತ್ತದೆ. ಮುಂಗಾರಿನ ಮಾತೆತ್ತಿದರೆ "ಈ ಸಲ ನಾರ್ಮಲ್ ಅಂತ ಟಿವಿಯಾಗೆ ಹೇಳಿದ್ರು" ಎಂಬ ಉತ್ತರ ಸಿಗುತ್ತದೆ. ಮಾತು ತಡವಾದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಿ ಡಾಕ್ಟರ ಮುಂದೆ "ಇವನು ನಾರ್ಮಲ್ ಆಗ್ತಾನಾ ಸಾರ್?" ಎಂದು ಕೇಳುತ್ತಾಳೆ.

ನಾಲ್ಕೂ ಕಡೆ ಪದ ಒಂದೇ, ಹೇಳುತ್ತಿರುವ ಸಂಗತಿ ಬೇರೆ ಬೇರೆ. ರಕ್ತದ ಚೀಟಿಯಲ್ಲಿ ಅದು ಆರೋಗ್ಯವಂತ ಜನರ ಅಳತೆಯ ಮಿತಿ. ಹೆರಿಗೆಯಲ್ಲಿ ಅದು ಪ್ರಕೃತಿಯ ದಾರಿ. ಮಳೆಯಲ್ಲಿ ಅದು ಹಿಂದಿನ ವರ್ಷಗಳ ಸರಾಸರಿ. ತಾಯಿಯ ಪ್ರಶ್ನೆಯಲ್ಲಿ ಅದು 'ನಾಲ್ಕು ಜನರ ಹಾಗೆ' ಎಂಬ ಹಂಬಲ. ಹೀಗೆ ನಡೆದು ಬಂದದ್ದು ಮತ್ತು ನಡೆಯಬೇಕಾದದ್ದು ಎಂಬ ಎರಡು ಬೇರೆ ವಿಷಯಗಳನ್ನು ಈ ವಿಶೇಷಣ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಆ ಗಂಟನ್ನು ಬಿಚ್ಚಿ ನೋಡದಿದ್ದರೆ ರೈತನ ಬೆಳೆಗೆ, ಬಾಣಂತಿಯ ಮನಸ್ಸಿಗೆ, ಮಗುವಿನ ಕಲಿಕೆಗೆ ಅನ್ಯಾಯವಾಗುತ್ತದೆ ಎಂಬುದು ಈ ಲೇಖನದ ವಾದ. ಬಿಚ್ಚಲು ಬೇಕಾದ ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ.

ಲ್ಯಾಟಿನ್ ಭಾಷೆಯಲ್ಲಿ 'ನೋರ್ಮ' ಎಂದರೆ ಬಡಗಿ ಮತ್ತು ಗಾರೆಯವರು ಬಳಸುವ ಮೂಲೆಮಟ್ಟ. ಗ್ರೀಕರ 'ಗ್ನೋಮೋನ್' ಎಂಬ ಪದ ಎಟ್ರುಸ್ಕನ್ ಜನರ ಬಾಯಲ್ಲಿ ರೂಪ ಬದಲಿಸಿ ರೋಮನ್ನರಿಗೆ ಬಂದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಮೂರು, ನಾಲ್ಕು, ಐದು ಅಡಿಯ ಪಟ್ಟಿಗಳನ್ನು ತುದಿಗೆ ತುದಿ ಜೋಡಿಸಿ ತಪ್ಪಿಲ್ಲದ ಮೂಲೆಮಟ್ಟ ಮಾಡುವ ಬಗೆಯನ್ನು ವಿವರಿಸುತ್ತಾನೆ; ಅದನ್ನು ಕಂಡುಕೊಂಡ ಕೀರ್ತಿಯನ್ನು ಪೈಥಾಗೊರಸನಿಗೆ ಸಲ್ಲಿಸುತ್ತಾನೆ. ನಮ್ಮ ಮೇಸ್ತ್ರಿಗಳು ಮನೆಯ ಪಾಯಕ್ಕೆ ದಾರ ಹಿಡಿಯುವಾಗ ಮೂರು, ನಾಲ್ಕು, ಐದು ಎಂದು ಅಳೆದು ಮೂಲೆ ನೋಡುವುದೂ ಇದೇ ಲೆಕ್ಕದಿಂದ. 'ನೋರ್ಮಾಲಿಸ್' ಎಂಬ ವಿಶೇಷಣಕ್ಕೆ ಮೂಲೆಮಟ್ಟಕ್ಕೆ ಒಪ್ಪುವಂಥದು, ನೇರ ಮೂಲೆಯದು ಎಂದಷ್ಟೇ ಅರ್ಥವಿತ್ತು. ಅಳತೆ ಮೀರಿದ್ದು 'ಎನೋರ್ಮಿಸ್' ಆಯಿತು. ಭಾರಿ ಗಾತ್ರವನ್ನು ಸೂಚಿಸುವ ಇಂಗ್ಲಿಷಿನ 'ಇನಾರ್ಮಸ್' ಅದರ ಕೂಸು. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಕನ್ನಡಿಗೆ ಬಿದ್ದ ಬೆಳಕಿನ ಕೋನವನ್ನು ಯಾವ ಗೆರೆಯಿಂದ ಅಳೆಯುತ್ತಾರೋ ಅದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ 'ನಾರ್ಮಲ್' ಎಂದೇ ಹೆಸರು. ಕನ್ನಡ ಪಾಠದಲ್ಲಿ ಅದು ಲಂಬ.

ಹುಟ್ಟಿದಾಗ ಈ ಪದಕ್ಕೆ ಬಹುಮತದ ಹಂಗು ಇರಲಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಊರಿನ ನೂರು ಗೋಡೆಗಳೂ ಸೊಟ್ಟಗೆ ಎದ್ದಿದ್ದರೂ ಮೂಲೆಮಟ್ಟ ಸೊಟ್ಟಗಾಗುವುದಿಲ್ಲ. ಎಷ್ಟು ಗೋಡೆಗಳು ಹೇಗಿವೆ ಎಂದು ಅದು ಎಣಿಸುವುದಿಲ್ಲ. ಗೋಡೆ ಹೇಗಿರಬೇಕು ಎಂದು ಹೇಳುತ್ತದೆ. ಅದು ಅಪ್ಪಟ ವಿಧಿ.

ಈ ವಿಧಿಯ ಅರ್ಥದಲ್ಲೇ ಪದ ಶಾಲೆಯ ಬಾಗಿಲಿಗೂ ಬಂತು. ಕ್ರಾಂತಿಯ ನಂತರದ ಫ್ರಾನ್ಸ್ 1794ರಲ್ಲಿ ಶಿಕ್ಷಕರನ್ನು ತಯಾರು ಮಾಡಲು 'ಎಕೋಲ್ ನಾರ್ಮಾಲ್' ಸ್ಥಾಪಿಸಿತು. ಹೀಗೆಯೇ ಕಲಿಸಬೇಕು ಎಂಬ ಮಾದರಿಯನ್ನು ಹಾಕಿಕೊಡುವ ಶಾಲೆ ಅದು. 1810ರಲ್ಲಿ ಇಟಲಿಯ ಪೀಸಾದಲ್ಲಿ ಅಂಥದೇ ಶಾಲೆಯ ಸ್ಥಾಪನೆಗೆ ಆದೇಶವಾಯಿತು. ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ 1857ರಲ್ಲಿ ಶಿಕ್ಷಕರ ತರಬೇತಿಯ ವಿದ್ಯಾಲಯ ಆರಂಭವಾದ ಮೇಲೆ ಆ ಊರಿನ ಹೆಸರೇ 'ನಾರ್ಮಲ್' ಎಂದಾಯಿತು. ಮೆಕ್ಸಿಕೋದಲ್ಲಿ ಇವತ್ತಿಗೂ 'ನಾರ್ಮಲಿಸ್ತಾ' ಎಂದರೆ ಶಿಕ್ಷಕ ತರಬೇತಿ ಪಡೆದವರು. ಕನ್ನಡ ನಾಡಿಗೂ ಈ ಪದ ಮೊದಲು ಬಂದದ್ದು ಆಸ್ಪತ್ರೆಯ ಕಡೆಯಿಂದಲ್ಲ, ಶಾಲೆಯ ಕಡೆಯಿಂದ. 19ನೆಯ ಶತಮಾನದ ನಡುಭಾಗದಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗೆ ಬುನಾದಿ ಹಾಕಿದ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದರು. ಆ ಕಾಲದವರಿಗೆ ನಾರ್ಮಲ್ ಎಂದರೆ 'ಎಲ್ಲರಂತೆ' ಎಂಬ ಅರ್ಥ ಹೊಳೆಯುತ್ತಿರಲಿಲ್ಲ. ಮಾದರಿ ಎಂಬ ಅರ್ಥವೇ ಹೊಳೆಯುತ್ತಿತ್ತು.

ಹಾಗಾದರೆ 'ಎಲ್ಲರಂತೆ' ಎಂಬ ಅರ್ಥ ಎಲ್ಲಿಂದ ಬಂತು? ಅದೂ 19ನೆಯ ಶತಮಾನದ ಕೊಡುಗೆಯೇ. ಆ ಹೊತ್ತಿಗೆ ಯೂರೋಪಿನ ವೈದ್ಯರು ದೇಹದ ನಾರ್ಮಲ್ ಸ್ಥಿತಿ, ಅದರಿಂದ ಸರಿದ ರೋಗದ ಸ್ಥಿತಿ ಎಂದು ವಿಂಗಡಿಸತೊಡಗಿದ್ದರು. ಬೆಲ್ಜಿಯಂನ ಖಗೋಳ ವಿಜ್ಞಾನಿ ಅಡಾಲ್ಫ್ ಕೆಟ್ಲೆ 1835ರಲ್ಲಿ 'ಸರಾಸರಿ ಮನುಷ್ಯ' ಎಂಬ ಕಲ್ಪನೆಯನ್ನು ಮುಂದಿಟ್ಟ. ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆದಾಗ ಬರುವ ಅಂಕಿಗಳು ನಿಜವಾದ ಸ್ಥಾನದ ಸುತ್ತ ಗುಂಪುಗೂಡುತ್ತವೆ. ಅತ್ತಿತ್ತ ಚದುರಿದ್ದೆಲ್ಲ ಅಳತೆಯ ತಪ್ಪು. ಈ ಲೆಕ್ಕವನ್ನೇ ಕೆಟ್ಲೆ ಮನುಷ್ಯರಿಗೆ ಅನ್ವಯಿಸಿದ. ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆಗಳನ್ನು ಜೋಡಿಸಿ ನೋಡಿದಾಗ ನಡುವೆ ಎತ್ತರ, ಎರಡೂ ಕಡೆ ಇಳಿಜಾರಿನ ಅದೇ ಗೆರೆ ಮೂಡಿತು. ಆಗ ಆತ ಇಟ್ಟ ಹೆಜ್ಜೆ ದೊಡ್ಡದು: ನಡುವಿನ ಅಳತೆ ಪ್ರಕೃತಿಯ ಗುರಿ, ಅದರಿಂದ ದೂರ ಸರಿದವರೆಲ್ಲ ಪ್ರಕೃತಿಯ ಕೈತಪ್ಪು. ನಕ್ಷತ್ರಕ್ಕೆ ನಿಜವಾದ ಒಂದು ಸ್ಥಾನವಿದೆ. ಮನುಷ್ಯನಿಗೆ ನಿಜವಾದ ಒಂದು ಎದೆಯಳತೆ ಎಲ್ಲಿದೆ? ಈ ಪ್ರಶ್ನೆಯನ್ನು ದಾಟಿ ಹೋದದ್ದರಿಂದ ಸರಾಸರಿಗೆ ಆದರ್ಶದ ಪಟ್ಟ ಸಿಕ್ಕಿತು.

ಮುಂದೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಫ್ರಾನ್ಸಿಸ್ ಗಾಲ್ಟನ್, ಕಾರ್ಲ್ ಪಿಯರ್ಸನ್ ಮೊದಲಾದವರ ಬರಹಗಳಿಂದ ಆ ಗಂಟೆಯಾಕಾರದ ಗೆರೆಗೆ 'ನಾರ್ಮಲ್ ಕರ್ವ್' ಎಂಬ ಹೆಸರೇ ನೆಲೆಯಾಯಿತು. ಪಿಯರ್ಸನ್ ತಾನೇ 1920ರಲ್ಲಿ ಈ ಹೆಸರಿನ ಕೇಡನ್ನು ಬರೆದಿಟ್ಟ: ಇದನ್ನು ನಾರ್ಮಲ್ ಎಂದು ಕರೆದದ್ದರಿಂದ, ಹೀಗೆ ಹಂಚಿಕೆಯಾಗದ ಅಂಕಿಗಳೆಲ್ಲ ಅಸಹಜವೆಂದು ಜನ ನಂಬುವಂತಾಯಿತು ಎಂದು. ಹೆಸರಿಟ್ಟವರ ಎಚ್ಚರಿಕೆ ಪುಸ್ತಕದಲ್ಲಿ ಉಳಿಯಿತು, ಹೆಸರು ಊರೂರು ಸುತ್ತಿತು. ಮಾದರಿ ಎಂಬ ಹಳೆಯ ಅರ್ಥ ಹೋಗಲಿಲ್ಲ, ಸರಾಸರಿ ಎಂಬ ಹೊಸ ಅರ್ಥ ಬಂದು ಕೂತಿತು. ಹೀಗಾಗಿ ಇವತ್ತು ನಾರ್ಮಲ್ ಎಂದವರು ಇರುವುದನ್ನು ವರ್ಣಿಸುತ್ತಿದ್ದಾರೋ ಇರಬೇಕಾದದ್ದನ್ನು ವಿಧಿಸುತ್ತಿದ್ದಾರೋ ಕೇಳುವವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಹೇಳುವವರಿಗೂ ಗೊತ್ತಿರುವುದಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ಎದುರಿಸಲೇಬೇಕು. ಸರಾಸರಿಯ ಅಳತೆ ಇಲ್ಲದಿದ್ದರೆ ವೈದ್ಯಕೀಯವೇ ನಡೆಯುವುದಿಲ್ಲ. ಜ್ವರ ಎಂದರೇನು ಎಂದು ಹೇಳಲು ಜ್ವರವಿಲ್ಲದ ಮೈಯ ಬಿಸಿ ಗೊತ್ತಿರಬೇಕು. ಅಂಗನವಾಡಿಯಲ್ಲಿ ಮಗುವಿನ ತೂಕ ಕಡಿಮೆ ಎಂದು ಗುರುತಿಸಲು ಆ ವಯಸ್ಸಿನ ಮಕ್ಕಳ ತೂಕದ ಪಟ್ಟಿ ಬೇಕು. ಆ ಪಟ್ಟಿಗಳು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಇದೆಲ್ಲ ನಿಜ. ಆದರೆ ಅಳತೆ ಯಾರದು ಎಂಬ ಪ್ರಶ್ನೆ ಆಗಲೂ ಬಿಡುವುದಿಲ್ಲ. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ, ಆಸ್ಪತ್ರೆಗಳಲ್ಲಿ ಬಿಎಂಐ ಎಂದು ಕರೆಯುವ ಲೆಕ್ಕವನ್ನು ಕೊಟ್ಟವನು ಇದೇ ಕೆಟ್ಲೆ. ಇಂದು ಬಳಕೆಯಲ್ಲಿರುವ ಪಟ್ಟಿಯಲ್ಲಿ ನಾರ್ಮಲ್‌ನ ಮೇಲಿನ ಮಿತಿ 25. ಆದರೆ ಏಷ್ಯಾದ ಜನರಲ್ಲಿ ಅದಕ್ಕೂ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಏರುವುದನ್ನು ಕಂಡ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ನಮ್ಮಂಥವರಿಗೆ 23ರಿಂದಲೇ ಎಚ್ಚರ ವಹಿಸಬೇಕೆಂದರು. 24 ಇರುವ ನಲ್ಲೂರಿನ ಮಧ್ಯವಯಸ್ಕರೊಬ್ಬರು ಹಳೆಯ ಪಟ್ಟಿಯಲ್ಲಿ ನಾರ್ಮಲ್, ಅವರ ಮೈಯ ಲೆಕ್ಕದಲ್ಲಿ ಅಪಾಯದ ಅಂಚು. ಆದ್ದರಿಂದ ಸರಾಸರಿ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಯಾರ ಸರಾಸರಿ, ಯಾವ ಕೆಲಸಕ್ಕೆ ಎಂದು ಕೇಳಬೇಕು. ಫ್ರಾನ್ಸಿನ ವೈದ್ಯ, ಚಿಂತಕ ಜಾರ್ಜ್ ಕಾಂಗಿಲೆಮ್ 1943ರ ತನ್ನ ಪ್ರಬಂಧದಲ್ಲಿ ಇನ್ನೂ ಮುಂದೆ ಹೋದ: ಆರೋಗ್ಯ ಎಂಬುದು ಸರಾಸರಿಯಲ್ಲಿ ಇರುವುದಲ್ಲ, ಬದಲಾದ ಪರಿಸ್ಥಿತಿಗೆ ತಕ್ಕಂತೆ ಬಾಳುವ ಹೊಸ ಕ್ರಮವನ್ನು ರೂಪಿಸಿಕೊಳ್ಳುವ ಶಕ್ತಿ ಎಂದು ವಾದಿಸಿದ.

ಕನ್ನಡ ಈ ಗಂಟನ್ನು ಹೇಗೆ ಬಿಡಿಸಿಟ್ಟಿದೆ ಎಂದು ನೋಡೋಣ. ಜೊತೆಗೇ ಹುಟ್ಟಿದ್ದು ಸಹಜ. ಹಲವರಿಗೆ ಸಮಾನವಾಗಿ ಹಂಚಿಕೆಯಾದದ್ದು ಸಾಮಾನ್ಯ. ಬಹುಕಾಲದಿಂದ ನಡೆದು ಬಂದದ್ದು ವಾಡಿಕೆ. ಅರಬ್ಬಿಯಿಂದ ಬಂದು ನಮ್ಮದಾದ ಮಾಮೂಲು ಎಂದರೆ ದಿನನಿತ್ಯ ಆಗುತ್ತಿರುವುದು. ಪಾರಸಿಯಿಂದ ಬಂದ ಸರಾಸರಿಗೆ ಮೂಲದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಂಬ ಅರ್ಥ. ಲೆಕ್ಕದ ಭಾಷೆಯಲ್ಲಿ ಎಲ್ಲವನ್ನೂ ಕೂಡಿ ಭಾಗಿಸಿದ್ದು. ಕೊನೆಯದು ಸರಿ. ಅದು ದ್ರಾವಿಡ ಮೂಲದ ಅಚ್ಚ ಪದ. ಹೀಗಿದ್ದರೆ ಒಪ್ಪುತ್ತದೆ, ಹೀಗೇ ಇರಬೇಕು ಎಂಬ ತೀರ್ಪು. ಸರಾಸರಿಯಲ್ಲಿ ಕೇಳಿಸುವ 'ಸರಿ'ಗೂ ಈ ಸರಿಗೂ ನಂಟಿಲ್ಲ. ಕಿವಿಗೆ ಒಂದೇ ಆದರೂ ಒಂದು ಲೆಕ್ಕ, ಇನ್ನೊಂದು ನ್ಯಾಯ. ತಮಿಳರು 'ಇಯಲ್ಬು' ಎಂದು ಸ್ವಭಾವದ ಕಡೆಯಿಂದ ಹೇಳುತ್ತಾರೆ, ತೆಲುಗರು 'ಸಾಧಾರಣ' ಎಂದು ಹಲವರ ಕಡೆಯಿಂದ ಹೇಳುತ್ತಾರೆ. ಹೀಗೆ ಪ್ರತಿ ಭಾಷೆಯೂ ಲ್ಯಾಟಿನ್ ಪದದ ಒಂದೊಂದು ಎಳೆಯನ್ನು ಹಿಡಿದಿದೆ.

ಈ ಎಳೆಗಳ ಭೇದ ಯಾಕೆ ಮುಖ್ಯ ಎಂಬುದು ಮಳೆಯ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಹವಾಮಾನ ಇಲಾಖೆಯ ನಾರ್ಮಲ್ ಅನ್ನು ಕನ್ನಡ ಪತ್ರಿಕೆಗಳು ಬಹಳ ಹಿಂದೆಯೇ 'ವಾಡಿಕೆ ಮಳೆ' ಎಂದು ಕರೆದವು. ಇದು ಜಾಣ ಆಯ್ಕೆ. ಇಷ್ಟು ಬರಬೇಕು ಎಂದು ಅದು ಹೇಳುವುದಿಲ್ಲ, ಇಷ್ಟು ಬರುತ್ತಾ ಇತ್ತು ಎನ್ನುತ್ತದೆ. ಆದರೆ ಆಡಳಿತದ ಕೈಗೆ ಬಂದಾಗ ವಾಡಿಕೆಯೂ ತೀರ್ಪಾಗುತ್ತದೆ. ಇಲಾಖೆಯ ವರ್ಗೀಕರಣದಲ್ಲಿ ಜಿಲ್ಲೆಯೊಂದರ ಮಳೆ ವಾಡಿಕೆಗಿಂತ ಶೇ 19ರವರೆಗೆ ಕಡಿಮೆಯಾದರೂ ಹೆಚ್ಚಾದರೂ 'ನಾರ್ಮಲ್'; ಶೇ 20 ಕಡಿಮೆಯಾದರೆ 'ಕೊರತೆ'. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಒಂದು ಪ್ರದೇಶದ ವಾಡಿಕೆಯನ್ನು 600 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಆಗ 486 ಬಂದರೂ ನಾರ್ಮಲ್, 714 ಬಂದರೂ ನಾರ್ಮಲ್. ಆ ಎರಡು ಅಂಕಿಗಳ ನಡುವಿನ ಅಂತರ ಮಳೆಯಾಶ್ರಿತ ಹೊಲದಲ್ಲಿ ಕಣ ತುಂಬುವುದಕ್ಕೂ ಬೀಜದ ಸಾಲ ಉಳಿಯುವುದಕ್ಕೂ ಇರುವ ಅಂತರ.

ಮೊತ್ತಕ್ಕಿಂತಲೂ ದೊಡ್ಡ ಪ್ರಶ್ನೆ ಹೊತ್ತಿನದು. ನಮ್ಮ ರೈತರು ಮಳೆಯನ್ನು ಋತುವಿನ ಮೊತ್ತದಲ್ಲಿ ಎಣಿಸಿದವರಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯ ಲೆಕ್ಕ ಅವರದು. ಯಾವ ಮಳೆಗೆ ಬಿತ್ತನೆ, ಯಾವ ಮಳೆಗೆ ಎಡೆಕುಂಟೆ, ಯಾವ ಮಳೆ ತಪ್ಪಿದರೆ ಕಾಳು ಕಟ್ಟುವುದಿಲ್ಲ ಎಂಬುದು ಆ ಎಣಿಕೆಯೊಳಗೇ ಇದೆ. ದಾವಣಗೆರೆ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳ ಸೂಲಂಗಿ ಒಡೆಯುವ ಹಂತದಲ್ಲಿ ನೀರು ಕಾಣದಿದ್ದರೆ, ಆಮೇಲೆ ಎಷ್ಟು ಸುರಿದರೂ ತೆನೆ ತುಂಬುವುದಿಲ್ಲ. 2023ರ ಮುಂಗಾರನ್ನೇ ನೋಡಿ. ರಾಜ್ಯದಲ್ಲಿ ಜೂನ್ ತಿಂಗಳ ಮಳೆ ತೀರಾ ಕಡಿಮೆಯಾಯಿತು, ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಸುರಿಯಿತು, ಆಗಸ್ಟ್ ಮತ್ತೆ ಕೈಕೊಟ್ಟಿತು. ಜುಲೈನ ಹೆಚ್ಚುವರಿಯನ್ನು ಆಗಸ್ಟಿನ ಕೊರತೆಗೆ ಕೂಡಿಸುವ ಕೆಲಸ ಕಾಗದದ ಮೇಲೆ ಆಗುತ್ತದೆ, ಹೊಲದಲ್ಲಿ ಆಗುವುದಿಲ್ಲ. ಇಡೀ ದೇಶದ ಮಳೆ ಆ ವರ್ಷ ದೀರ್ಘಾವಧಿ ಸರಾಸರಿಯ ಶೇ 94ರಷ್ಟಿತ್ತು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಶೇ 6ರ ಕೊರತೆ ಎಂಬ ಮಾತಿನ ಅಡಿಯಲ್ಲಿ ಒಂದು ರಾಜ್ಯದ ಬಹುಪಾಲು ನೆಲವೇ ಒಣಗಿತ್ತು.

ಅಳತೆಗೋಲು ತಾನೂ ನಿಂತಲ್ಲಿ ನಿಲ್ಲುವುದಿಲ್ಲ. ದೇಶದ ಮುಂಗಾರಿನ ದೀರ್ಘಾವಧಿ ಸರಾಸರಿ 1951ರಿಂದ 2000ರ ವರ್ಷಗಳ ಲೆಕ್ಕದಲ್ಲಿ 89 ಸೆಂಟಿಮೀಟರ್ ಇತ್ತು. 1961ರಿಂದ 2010ರ ಲೆಕ್ಕದಲ್ಲಿ 88 ಆಯಿತು. 2022ರಲ್ಲಿ ಇಲಾಖೆ 1971ರಿಂದ 2020ರ ಲೆಕ್ಕಕ್ಕೆ ಬದಲಾದಾಗ 87 ಆಯಿತು. ಇದರಲ್ಲಿ ಮೋಸವಿಲ್ಲ, ಕಾಲಕಾಲಕ್ಕೆ ಸರಾಸರಿಯನ್ನು ಪರಿಷ್ಕರಿಸುವುದು ವಿಜ್ಞಾನದ ಕ್ರಮವೇ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಮಳೆ ಕುಗ್ಗಿದರೆ ವಾಡಿಕೆಯೂ ಅದರ ಹಿಂದೆಯೇ ಕುಗ್ಗುತ್ತದೆ, ಕೊರತೆ ಎಂದು ಕಾಣಬೇಕಾದದ್ದು ಕೆಲವು ವರ್ಷಗಳ ನಂತರ ನಾರ್ಮಲ್ ಆಗಿ ಕಾಣುತ್ತದೆ. ಮೂಲೆಮಟ್ಟದ ಗುಣ ಸೊಟ್ಟ ಗೋಡೆಗೆ ಬಗ್ಗದಿರುವುದು. ಈ ನಾರ್ಮಲ್ ಮಾತ್ರ ಗೋಡೆಯ ಜೊತೆಗೇ ಬಾಗುತ್ತದೆ. ಅದನ್ನು ವಾಡಿಕೆ ಎಂದು ತಿಳಿದವರಿಗೆ ಇದರಿಂದ ತೊಂದರೆಯಿಲ್ಲ; ಸರಿ ಎಂದು ತಿಳಿದವರಿಗೆ ತೊಂದರೆ.

ಇನ್ನೊಂದು ಮುಖವೂ ಇದೆ. ಮಳೆ ಅಷ್ಟೇ ಇದ್ದು ನೆಲದ ಬಾಯಾರಿಕೆ ಹೆಚ್ಚಾದರೆ? ಚನ್ನಗಿರಿ ಸೀಮೆಯಲ್ಲಿ ಹಿಂದೆ ಭತ್ತ, ಜೋಳ ಬೆಳೆಯುತ್ತಿದ್ದ ನೆಲಕ್ಕೂ ಅಡಿಕೆ ಹಬ್ಬಿದೆ. ಭದ್ರಾ ನಾಲೆಯ ನೀರು ಮುಟ್ಟದ ಕಡೆಯೆಲ್ಲ ತೋಟ ನಿಂತಿರುವುದು ಕೊಳವೆಬಾವಿಯ ಮೇಲೆ. 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿ ಟ್ಯಾಂಕರಿನಲ್ಲಿ ನೀರು ತಂದು ಮರಗಳ ಬುಡಕ್ಕೆ ಹರಿಸಿದ ಕಷ್ಟವನ್ನು ಈ ಭಾಗದ ಬೆಳೆಗಾರರು ಮರೆಯುವ ಹಾಗಿಲ್ಲ. ವರ್ಷವಿಡೀ ತೇವ ಬೇಡುವ ಮರಕ್ಕೆ ನಾಲ್ಕು ತಿಂಗಳ ವಾಡಿಕೆ ಮಳೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇದೇ ಜಿಲ್ಲೆಯ ಜಗಳೂರಿನಲ್ಲಿ ವಾಡಿಕೆಯೇ ಕಡಿಮೆ. ಅಲ್ಲಿ ಮಳೆ ನಾರ್ಮಲ್ ಎಂದರೆ ಬರದ ಬದುಕು ಎಂದಿನಂತಿದೆ ಎಂದಷ್ಟೇ ಅರ್ಥ. ತುಂಗಭದ್ರೆಯ ನೀರೆತ್ತಿ ಅಲ್ಲಿನ 57 ಕೆರೆ ತುಂಬಿಸುವ ಯೋಜನೆಗೆ ಜನ ಒತ್ತಾಯಿಸಿದ್ದು, ಆ ವಾಡಿಕೆ ತಮಗೆ ಸಾಲದು ಎಂದು ತೀರ್ಮಾನಿಸಿದ್ದರಿಂದ. ವಾಡಿಕೆಯನ್ನು ಒಪ್ಪದೆ ಸರಿಯಾದದ್ದನ್ನು ಕೇಳಿದ ಆ ಹೋರಾಟದಲ್ಲಿ ಎರಡು ಪದಗಳ ಭೇದ ಸ್ಪಷ್ಟವಾಗಿದೆ.

ವಾಡಿಕೆಯನ್ನು ನಂಬಿ ಕೂರಬಾರದೆಂದು ಹಳಬರಿಗೂ ತಿಳಿದಿತ್ತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹರಿದ್ರಾ ಹೊಳೆಯ ಕಣಿವೆಗೆ ಏರಿ ಹಾಕಿ ಕಟ್ಟಿದ ಕೆರೆ. ಅದಕ್ಕೆ ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳಿವೆ. ಕೆರೆ ಎಂಬ ವ್ಯವಸ್ಥೆಯೇ ಸರಾಸರಿಯ ಮೇಲಿನ ಅಪನಂಬಿಕೆಯಿಂದ ಹುಟ್ಟಿದ್ದು. ಮಳೆ ಹೆಚ್ಚಾದ ವರ್ಷಕ್ಕೆ ಕೋಡಿ, ಕಡಿಮೆಯಾದ ವರ್ಷಕ್ಕೆ ಅಂಗಳದ ಆಳ, ಎರಡರ ನಡುವೆ ಹದವರಿತು ತೆರೆಯಲು ತೂಬು. ಕಟ್ಟಿದವರು ಸರಾಸರಿ ಮಳೆಗೆಂದು ಕಟ್ಟಿದ್ದರೆ ಮೊದಲ ಭಾರಿ ಮಳೆಗೇ ಏರಿ ಒಡೆಯುತ್ತಿತ್ತು. ಏರುಪೇರನ್ನೇ ಲೆಕ್ಕಕ್ಕೆ ಹಿಡಿದದ್ದರಿಂದ ಶತಮಾನಗಳ ನಂತರವೂ ಅದು ನೀರು ಕೊಡುತ್ತಿದೆ.

ಹೆರಿಗೆಯ ಮಾತಿಗೆ ಬರೋಣ. ಇಲ್ಲಿ ನಾರ್ಮಲ್ ಪದ ಹೆಣ್ಣುಮಕ್ಕಳಿಗೆ ಮಾಡುವ ಗಾಯ ಬೇರೆ ಬಗೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶಸ್ತ್ರಕ್ರಿಯೆಯ ಹೆರಿಗೆಗಳ ಪ್ರಮಾಣ 2015–16ರಲ್ಲಿ ಶೇ 23.6 ಇದ್ದದ್ದು 2019–21ರಲ್ಲಿ ಶೇ 31.5ಕ್ಕೆ ಏರಿತು. ಜನಸಮುದಾಯದ ಮಟ್ಟದಲ್ಲಿ ಶೇ 10ರ ಮೇಲೆ ಈ ಪ್ರಮಾಣ ಏರಿದರೂ ತಾಯಿ ಮತ್ತು ಶಿಶುಗಳ ಸಾವು ಇನ್ನಷ್ಟು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅಂದಮೇಲೆ ಅಗತ್ಯವಿಲ್ಲದ ಶಸ್ತ್ರಕ್ರಿಯೆಗಳು ನಡೆಯುತ್ತಿವೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ 'ನಾರ್ಮಲ್ ಆಗಲಿಲ್ಲ' ಎಂಬ ಮಾತು ಆ ಆತಂಕವನ್ನು ಆಸ್ಪತ್ರೆಯ ವ್ಯವಸ್ಥೆಯ ಕಡೆ ತಿರುಗಿಸುವುದಿಲ್ಲ, ಬಾಣಂತಿಯ ಮೈಯ ಕಡೆ ತಿರುಗಿಸುತ್ತದೆ. ಮಗು ಅಡ್ಡ ತಿರುಗಿದ್ದರಿಂದಲೋ ರಕ್ತದೊತ್ತಡ ಏರಿದ್ದರಿಂದಲೋ ಶಸ್ತ್ರಕ್ರಿಯೆಯಿಂದ ಬದುಕುಳಿದ ಹೆಣ್ಣು, ಅತ್ತೆ ನಾದಿನಿಯರ ಮುಂದೆ ಏನೋ ಕಡಿಮೆ ಮಾಡಿದವಳ ಹಾಗೆ ತಲೆ ತಗ್ಗಿಸುತ್ತಾಳೆ. ಇಲ್ಲಿ ಎರಡು ಪ್ರಶ್ನೆಗಳಿವೆ. ಹೆರಿಗೆ ಸಹಜವಾಗಿ ಆಯಿತೇ? ಆದ ಹೆರಿಗೆ ಸರಿಯಾಗಿ ಆಯಿತೇ? ಸಹಜವಲ್ಲದ ಹೆರಿಗೆಯೂ ಪೂರ್ತಿ ಸರಿಯಾದ ಹೆರಿಗೆಯಾಗಿರಬಹುದು. ಅಗತ್ಯವಿಲ್ಲದೆ ಮಾಡಿದ ಶಸ್ತ್ರಕ್ರಿಯೆ ಎಷ್ಟು ಮಾಮೂಲಾದರೂ ಸರಿಯಾಗುವುದಿಲ್ಲ. ಎರಡನ್ನೂ ಬೇರೆಯಾಗಿ ಕೇಳಿದಾಗ ಬಾಣಂತಿಯ ಮೇಲಿನ ಭಾರ ಇಳಿಯುತ್ತದೆ, ಆಸ್ಪತ್ರೆಯ ಹೊಣೆ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ನಾಜೂಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ, ಕಲಿಕೆಯ ತೊಡಕುಗಳೂ ಅದರಲ್ಲಿವೆ. ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಕಲಿಯುವ ಏರ್ಪಾಡನ್ನು ಅದು ಶಾಲೆಗಳಿಂದ ಬಯಸುತ್ತದೆ. ಕಾಯ್ದೆ ಹಾಗೆ ಹೇಳಿದರೂ ನಮ್ಮ ಮಾತು 'ನಾರ್ಮಲ್ ಮಕ್ಕಳು, ಸ್ಪೆಷಲ್ ಮಕ್ಕಳು' ಎಂದು ಬೆಂಚು ಎಳೆದು ಬೇರೆ ಹಾಕಿಬಿಡುತ್ತದೆ. ಹೆಚ್ಚಿನ ಮಕ್ಕಳು ಎರಡು ವರ್ಷದೊಳಗೆ ಮಾತು ಕೂಡಿಸುತ್ತಾರೆ ಎಂಬುದು ಉಪಯುಕ್ತ ತಿಳಿವಳಿಕೆ. ತಡವಾದ ಮಗುವನ್ನು ಬೇಗ ಗುರುತಿಸಿ ನೆರವು ಕೊಡಲು ಅದು ಬೇಕು. ಆದರೆ ನೆರವಿನ ಗುರಿ ಆ ಮಗು ತನ್ನ ಕೈಲಾದಷ್ಟು ಮಾತಾಡಿ, ಕಲಿತು, ನಾಲ್ಕು ಜನರ ನಡುವೆ ಬಾಳುವುದು. ಬಹುಪಾಲು ಮಕ್ಕಳ ಹಾಗೆ ಕಾಣುವುದೇ ಗುರಿಯಾದರೆ ಮಗು ಜೀವನವಿಡೀ ಸೋಲುತ್ತಲೇ ಇರುತ್ತದೆ. ಎಡಗೈಯಲ್ಲಿ ಬರೆದ ಮಗುವಿನ ಬೆರಳಿಗೆ ಪೆಟ್ಟು ಕೊಟ್ಟು ಬಲಗೈಗೆ ಬಳಪ ಹಿಡಿಸಿದ ಕಾಲ ತೀರಾ ಹಳೆಯದೇನಲ್ಲ. ಎಡಗೈಯವರು ಕಡಿಮೆ ಜನ ಎಂಬುದರಿಂದ ಎಡಗೈ ತಪ್ಪು ಎಂಬ ತೀರ್ಪಿಗೆ ಜಿಗಿದದ್ದೇ ಆ ಪೆಟ್ಟಿಗೆ ಕಾರಣ.

ಕನ್ನಡದ ಪದಗಳೇನು ಪವಿತ್ರವೇ ಎಂದು ಯಾರಾದರೂ ಕೇಳಬಹುದು. ಪವಿತ್ರವಲ್ಲ. ನಮ್ಮ ನೆಲದಲ್ಲೂ ವಾಡಿಕೆ ಎಷ್ಟೋ ಸಲ ವಿಧಿಯಾಗಿ ಮೆರೆದಿದೆ. ಕೇರಿಗೆ ಬೇರೆ ಬಾವಿ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರು 'ಮೊದಲಿಂದ ನಡೆದು ಬಂದದ್ದು' ಎಂಬ ಒಂದೇ ಸಮರ್ಥನೆ ಕೊಡುತ್ತಿದ್ದರು. ಹೆಣ್ಣುಮಕ್ಕಳನ್ನು ದೇವರ ಹೆಸರಿಗೆ ಬಿಡುವ ಪದ್ಧತಿಗೂ ಅದೇ ಸಮರ್ಥನೆಯಿತ್ತು. 1982ರಲ್ಲಿ ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಬಂದಾಗ ಅದು ಹೇಳಿದ್ದು ಇಷ್ಟೇ: ವಾಡಿಕೆ ಇದೆ, ಸರಿ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಜಾತಿಯ ಮೇಲೆತ್ತಿದ ಪ್ರಶ್ನೆಯೂ ಇದೇ ಬಗೆಯದು. ಕಚೇರಿಯ ಮೇಜಿನ ಕೆಳಗೆ ಕೈ ಚಾಚಿದ್ದಕ್ಕೆ 'ಮಾಮೂಲು' ಎಂಬ ಹೆಸರು ಬಂದದ್ದೂ ಎಲ್ಲರೂ ಕೊಡುತ್ತಾರೆ ಎಂಬ ಎಣಿಕೆಯಿಂದ. ದಿನವೂ ಆಗುತ್ತದೆ ಎಂಬ ಕಾರಣಕ್ಕೆ ಲಂಚದ ಅಪರಾಧ ಕರಗಿಹೋಯಿತು. ಹಾಗಾಗಿ ಇದು ಲ್ಯಾಟಿನ್ ಮತ್ತು ಕನ್ನಡದ ನಡುವಿನ ಜಗಳವಲ್ಲ. ನಡೆದು ಬಂದದ್ದನ್ನೇ ನಡೆಯಬೇಕಾದದ್ದು ಎಂದು ಸಾಧಿಸುವ ಅಭ್ಯಾಸ ಎಲ್ಲ ಭಾಷೆಯ ಜನರಲ್ಲೂ ಇದೆ. ಕನ್ನಡದಲ್ಲಿ 'ಇದು ವಾಡಿಕೆ, ಆದರೆ ಸರಿಯಲ್ಲ' ಎಂಬ ವಾಕ್ಯ ತಡವರಿಸದೆ ಬರುತ್ತದೆ. 'ಇದು ನಾರ್ಮಲ್, ಆದರೆ ಸರಿಯಲ್ಲ' ಎಂದು ಹೇಳುವಾಗ ನಾಲಿಗೆ ಒಂದು ಕ್ಷಣ ಅನುಮಾನಿಸುತ್ತದೆ. ಸಮಾಜ ಸುಧಾರಣೆಗೆ ಆ ಮೊದಲ ವಾಕ್ಯ ಬೇಕೇ ಬೇಕು.

ನಾರ್ಮಲ್ ಪದವನ್ನು ಊರಿನಿಂದ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಓಡಿಸಿದರೂ ಅದು ಹೋಗುವುದಿಲ್ಲ. ರಕ್ತದ ಚೀಟಿಯಲ್ಲಿ ಅದರಿಂದ ಕೆಡುಕೂ ಇಲ್ಲ. ಆದರೆ ಹಣ, ಹಕ್ಕು, ಮಾನ ಈ ಮೂರರಲ್ಲಿ ಒಂದಕ್ಕಾದರೂ ತಗುಲುವ ಜಾಗದಲ್ಲಿ ಪದದೊಳಗೆ ಏನಿದೆ ಎಂದು ಬಿಡಿಸಿ ಹೇಳಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟಿದೆ. ಅಡಿಕೆಯಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯ ಹಣ ಮಳೆಯ ಅಂಕಿಗಳನ್ನೇ ನೋಡುತ್ತದೆ. ಅಂಕಿಯಿದೆ, ಅದನ್ನು ಓದುವ ಕಣ್ಣು ಬೇಕು. ಗ್ರಾಮಸಭೆಯಲ್ಲಿ ಅಧಿಕಾರಿ 'ಮಳೆ ನಾರ್ಮಲ್' ಎಂದು ಓದಿದಾಗ ಮೂರು ಪ್ರಶ್ನೆ ಕೇಳುವ ಹಕ್ಕು ಪ್ರತಿ ರೈತರಿಗೂ ಇದೆ: ಯಾವ ವರ್ಷಗಳ ಸರಾಸರಿಗೆ ಹೋಲಿಸಿದಿರಿ? ಯಾವ ವಾರಗಳಲ್ಲಿ ಬಂತು, ಯಾವ ವಾರಗಳಲ್ಲಿ ಬರಲಿಲ್ಲ? ನಮ್ಮ ಹೊಲದಲ್ಲಿ ನಿಂತ ಬೆಳೆಗೆ ಅದು ಸಾಕಾಯಿತೇ? ವೈದ್ಯರು ಸಹಜ ಹೆರಿಗೆ ಎಂದೂ ಶಸ್ತ್ರಕ್ರಿಯೆಯ ಹೆರಿಗೆ ಎಂದೂ ಹೇಳಲಿ. ಎರಡರಲ್ಲೂ ತಾಯಿ ಮಗು ಕ್ಷೇಮ ಎಂಬುದನ್ನು ಮೊದಲು ಹೇಳಲಿ. ಶಿಕ್ಷಕರು ಮಗು ಯಾವುದರಲ್ಲಿ ತಡ, ಯಾವುದರಲ್ಲಿ ಮುಂದೆ ಎಂದು ಬಿಡಿಸಿ ಬರೆಯಲಿ.

ಎಷ್ಟು ಜನ ಹಾಗಿದ್ದಾರೆ ಎಂಬ ಪ್ರಶ್ನೆಗೆ ಎಣಿಕೆ ಉತ್ತರ ಕೊಡುತ್ತದೆ. ಹಾಗೆ ಇರಬೇಕೇ ಎಂಬ ಪ್ರಶ್ನೆಗೆ ಎಷ್ಟು ಎಣಿಸಿದರೂ ಉತ್ತರ ಸಿಗುವುದಿಲ್ಲ. ಅದನ್ನು ಜನ ಕೂತು ಚರ್ಚಿಸಿ, ಕಾರಣ ಕೊಟ್ಟು, ತೀರ್ಮಾನಿಸಬೇಕು. ಸರಾಸರಿ ಎಂಬ ಅಂಕಿಯನ್ನು ಸರಿ ಎಂಬ ತೀರ್ಪಿನ ಜಾಗದಲ್ಲಿ ಕೂರಿಸಿದ ದಿನವೇ ಆ ಚರ್ಚೆ ನಿಂತುಹೋಗುತ್ತದೆ, ಮತ್ತು ಅದರಿಂದ ನಷ್ಟವಾಗುವುದು ಯಾವಾಗಲೂ ಸರಾಸರಿಯ ಹೊರಗೆ ನಿಂತವರಿಗೆ.